ಉಸಿರು ಬಿಟ್ಟ ಮೇಲಿನ ಅಳತೆ

ಚಿಕ್ಕಮ್ಮನಿಗೆ ತನ್ನ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ಗುಮಾಸ್ತನಿಗೆ ಗೊತ್ತಾದದ್ದು ಅವಳ ಟೈಲರ್ ಅಂಗಡಿಗೆ ಸಂಬಳಕ್ಕೆ ಸೇರಿದ ಮೊದಲ ದಿನ. ಮನೆಯಲ್ಲಿ ‘ಏಯ್’ ಬಿಟ್ಟು ಬೇರೆ ಮಾತಿನಿಂದ ಕರೆಯದವಳು, ಗಂಡಸರ ಪ್ಯಾಂಟಿಗೆ ಅಳತೆ ತೆಗೆಯುತ್ತ ಗಿರಾಕಿಗಳ ಎದುರಿಗೇ ‘ಮೂವತ್ತೆರಡು, ಮರಿ’, ‘ಮೂವತ್ತಾರು, ರಾಜ’ ಎನ್ನುತ್ತಿದ್ದಳು. ಅವಳು ಹೇಳಿದ್ದನ್ನು ಸೀಮೆಸುಣ್ಣದಿಂದ ಬಟ್ಟೆಯ ಅಂಚಿಗೆ ಬರೆಯುವುದು ಇವನ ಕೆಲಸ. ಬಸ್ ಡ್ರೈವರ್ ಬಂದಾಗಲಂತೂ ‘ಮೂವತ್ತನಾಲ್ಕು, ಬಂಗಾರ’ ಎಂದೇಬಿಟ್ಟಳು. ಪದವಿ ಮುಗಿಸಿ, ಕೆಲಸ ಸಿಗದೆ, ಮನೆಯವರಿಂದೆಲ್ಲ ಉಗಿಸಿಕೊಂಡು ಬಂದ ಹುಡುಗ. ಸೀಮೆಸುಣ್ಣವನ್ನು ಚೂಪು ಮಾಡಿಕೊಂಡ. ಮೂವತ್ತನಾಲ್ಕು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದದ್ದಕ್ಕೆ ಗಿರಾಕಿಗಳು ಆಗಲೇ ಅವನನ್ನು ಗುಮಾಸ್ತ ಎಂದು ಕರೆಯತೊಡಗಿದ್ದರು.

ಸಂಜೆ ಕತ್ತರಿ ಕೈಗೆತ್ತಿಕೊಂಡ ಚಿಕ್ಕಮ್ಮ ಆ ಮುತ್ತನ್ನು ನೋಡಿ ಹೌಹಾರಿದಳು.

“ಏಯ್, ಇದು ಡ್ರೈವರ್ ಪ್ಯಾಂಟೋ, ಅವನ ಮೊಮ್ಮಗಂದೋ?”

“ನೀವೇ ಹೇಳಿದ್ರಲ್ಲ ಚಿಕ್ಕಮ್ಮ, ಮೂವತ್ತನಾಲ್ಕು ಅಂತ.”

“ಬಂಗಾರ ಅಂದೆನಲ್ಲೋ!”

“ಅಂದ್ರಿ. ತುಂಬಾ ಖುಷಿ ಆಯ್ತು.”

ಚಿಕ್ಕಮ್ಮ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರಿ ಅಂದರೆ ಎರಡು ಇಂಚು ಸೇರಿಸಬೇಕು, ರಾಜ ಅಂದರೆ ನಾಲ್ಕು, ಬಂಗಾರ ಅಂದರೆ ಆರು. ಮಂಡಿನೋವು ಬರುವ ತನಕ ಈ ಸೀಮೆಸುಣ್ಣ ಹಿಡಿದಿದ್ದವನು ಚಿಕ್ಕಪ್ಪ. ಮದುವೆಯಾದಾಗಿನಿಂದ ಹೆಂಡತಿಯ ಬಾಯಲ್ಲಿ ಅವನು ರಾಜ, ಬಂಗಾರ ಆದದ್ದೆಲ್ಲ ಬೇರೆಯವರ ಸೊಂಟದ ಲೆಕ್ಕದಲ್ಲಿಯೇ.

ಇದು ಬರೀ ಮುಖಸ್ತುತಿಯಲ್ಲ, ಕಸುಬು ಎನ್ನುವುದು ಅವಳ ವಾದ. ಟೇಪು ಸುತ್ತಿದ ಕೂಡಲೇ ಗಂಡಸು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಉಸಿರು ಬಿಗಿಹಿಡಿದು, ಚಾವಣಿ ನೋಡುತ್ತ ನಿಲ್ಲುತ್ತಾನೆ. ಆ ಅಳತೆಗೆ ಹೊಲಿದರೆ ಪ್ಯಾಂಟು ಊಟದ ತನಕ ಮಾತ್ರ. ಅದಕ್ಕೇ ಚಿಕ್ಕಮ್ಮ ಮೊದಲು ಅವನಿಗೆ ಬೇಕಾದ ಅಂಕಿಯನ್ನು ಜೋರಾಗಿ ಹೇಳುತ್ತಾಳೆ. ಅದನ್ನು ಕೇಳಿ ಅವನು ‘ಹಾ’ ಎಂದು ಉಸಿರು ಬಿಡುತ್ತಾನೆ. ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂರುತ್ತದೆ, ಟೇಪು ಸರಿಯುತ್ತದೆ. ಆಗ ಕಂಡ ಅಂಕಿಗೆ ತಕ್ಕಂತೆ ಮರಿಯೋ ಬಂಗಾರವೋ ನಿಧಾನವಾಗಿ ಹಿಂದಿನಿಂದ ಬರುತ್ತದೆ.

ಗುಮಾಸ್ತನಿಗೆ ಇದು ಸರಿಬರಲಿಲ್ಲ. ಓದಿದ ತಲೆ. “ಜನಕ್ಕೆ ನಿಜ ಗೊತ್ತಿರ್ಬೇಕು ಚಿಕ್ಕಮ್ಮ. ಗೊತ್ತಿಲ್ಲದೆ ಖುಷಿಯಾಗಿರೋದು ಒಂದು ಖುಷಿನಾ?” ಎಂದು ಗುಂಡಿಗೆ ಕಾಜಾ ಹೊಲಿಯುತ್ತ ಭಾಷಣ ಬಿಗಿದ. “ನನಗಂತೂ ಏನಿದ್ರೂ ಮುಖಕ್ಕೆ ಹೇಳ್ಬೇಕು.”

“ಹೇಳ್ಲಾ?”

“ಹೇಳಿ.”

“ನೆತ್ತಿ ಹಿಂದೆ ನಿನ್ನ ಕೂದಲು ಹೋಗ್ತಾ ಇದೆ. ಕೆಳಗಿನ ಚರ್ಮ ಕಾಣುತ್ತೆ.”

ಆ ದಿನ ಒಂದು ಕಾಜಾನೂ ನೆಟ್ಟಗೆ ಬೀಳಲಿಲ್ಲ. ಪಕ್ಕದ ಕ್ಷೌರದಂಗಡಿಯಿಂದ ಕೈಗನ್ನಡಿ ಕಡ ತಂದು, ಟ್ರಯಲ್ ರೂಮಿನ ಕನ್ನಡಿಗೆ ಬೆನ್ನುಹಾಕಿ, ಕತ್ತು ಉಳುಕುವ ತನಕ ತಿರುಗಿ ತಿರುಗಿ ನೋಡಿಕೊಂಡ. ನಿನ್ನೆಯವರೆಗೂ ಆ ಕೂದಲು ಸದ್ದಿಲ್ಲದೆ ಹೋಗುತ್ತಿತ್ತು, ಇವನೂ ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದ. ಆದರೂ ಸಿದ್ಧಾಂತ ಬಿಡಲಿಲ್ಲ. ಟೋಪಿ ಹಾಕಿಕೊಂಡು ಮುಂದುವರಿಸಿದ.

ಹೀಗಿರುವಾಗ ಒಂದು ಬೆಳಿಗ್ಗೆ ಡ್ರೈವರ್ ಕೈಯಲ್ಲೊಂದು ಚೀಲ ಹಿಡಿದು ಬಂದ. ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಅಂದು ಸಂಜೆ ಡಿಪೋದಲ್ಲಿ ಅವನಿಗೆ ಸನ್ಮಾನ. ಮದುವೆಯಲ್ಲಿ ಎಷ್ಟಿತ್ತೋ ಸೊಂಟ ಈಗಲೂ ಅಷ್ಟೇ ಎಂದು ಬಸ್ಸಿನ ತುಂಬ ಹೇಳಿಕೊಂಡು ತಿರುಗುವವನು. ಅವನ ಮಾತು ನಂಬಿ ಮಗಳು ಮೂವತ್ತನಾಲ್ಕರ ರೆಡಿಮೇಡ್ ಪ್ಯಾಂಟು ತಂದಿದ್ದಳು. ಅದು ತೊಡೆಯಿಂದ ಮೇಲೆ ಏರಲಿಲ್ಲ. ಇಡೀ ಮನೆ ನಿಂತು ನೋಡಿತು.

“ಈ ಕಂಪನಿಯವರು ಇಂಚನ್ನೇ ಚಿಕ್ಕದು ಮಾಡಿಬಿಟ್ಟಿದ್ದಾರೆ ಅಕ್ಕಾ!” ಎಂದು ಶುರುಮಾಡಿದವನ ದನಿ ಬರಬರುತ್ತ ಇಳಿಯಿತು. “ಮಗಳು ಹೇಳ್ತಾಳೆ, ಕಂಪನಿ ಸರಿಯಾಗಿದೆ, ನಿಮ್ಮ ಟೈಲರಮ್ಮನ ಟೇಪೇ ಸರಿಯಿಲ್ಲ ಅಂತ. ಗುಮಾಸ್ತ್ರೇ, ನೀವು ಓದಿದೋರು. ಬರ್ಕೊಳ್ಳೋರೂ ನೀವೇ. ನಿಜ ಹೇಳಿ, ನನ್ನ ಸೊಂಟ ಎಷ್ಟು?”

ಗುಮಾಸ್ತ ಇಷ್ಟು ದಿನ ಕಾದದ್ದು ಈ ಗಳಿಗೆಗೇ. ಬಾಯಿ ತೆರೆದ. ಎದುರಿಗೆ ಡ್ರೈವರ್ ಆಗಲೇ ಹೊಟ್ಟೆ ಒಳಗೆಳೆದುಕೊಂಡು, ಉಸಿರು ಕಟ್ಟಿ ನಿಂತಿದ್ದ. ಅವನು ಮುನಿಸಿಕೊಂಡರೆ ನಾಳೆ ಬಸ್ಸಿನ ತುಂಬ ಸುದ್ದಿ. ಅಂಗಡಿಗೆ ಬರುವ ಅರ್ಧ ಗಿರಾಕಿಗಳು ಆ ಬಸ್ಸಿನವರೇ. ಅದಕ್ಕಿಂತ ಹೆಚ್ಚಾಗಿ, ಆ ಮುಖ.

“ಮೂವತ್ತಾರು ಇರ್ಬೋದು, ಅಷ್ಟೇ” ಎಂದ ಸತ್ಯವಂತ, ಟೋಪಿ ಸರಿಮಾಡಿಕೊಳ್ಳುತ್ತ.

“ನಲವತ್ತು” ಎಂದಳು ಚಿಕ್ಕಮ್ಮ, ಮಷಿನ್ನಿನಿಂದ ತಲೆ ಎತ್ತದೆ.

ಡ್ರೈವರ್‌ನ ಉಸಿರು ಹೊರಗೆ ಬಂತು. ಅದರ ಹಿಂದೆಯೇ ಹೊಟ್ಟೆಯೂ ಬಂತು. ಬೆಂಚಿನ ಮೇಲೆ ಕುಸಿದು ಕೂತ. “ನಲವತ್ತಾ? ಹಂಗಾದ್ರೆ ಇಷ್ಟು ವರ್ಷ ಮೂವತ್ತನಾಲ್ಕು ಅಂತಿದ್ರಲ್ಲ?”

“ಅದು ಬರ್ಕೊಳ್ಳೋರಿಗೆ ಹೇಳಿದ್ದು, ನಿನಗಲ್ಲ. ನೀನು ಕೇಳಿದ್ದು ಇವತ್ತೇ. ಕೇಳಿದ್ಮೇಲೆ ಸುಳ್ಳು ಹೇಳಲ್ಲ. ನೀನು ಕೊಟ್ಟ ಬೂದು ಬಟ್ಟೆ ಇಲ್ಲೇ ಮಷಿನ್ ಮೇಲಿದೆ, ಮಧ್ಯಾಹ್ನಕ್ಕೆ ಮುಗಿಯುತ್ತೆ. ಹಾಕ್ಕೊಂಡು ಹೋಗು. ಡಿಪೋದಲ್ಲಿ ನಿನ್ನ ಬಸ್ಸಿಗೆ ಸನ್ಮಾನ, ಸೊಂಟಕ್ಕಲ್ಲ.”

ಡ್ರೈವರ್ ಮಷಿನ್ನಿನ ಮೇಲಿನ ಬೂದು ಬಟ್ಟೆಯನ್ನು ದಿಟ್ಟಿಸಿದ. ಕಿತ್ತುಕೊಂಡು ಹೊರಟೇಬಿಡುತ್ತಾನೆ ಅನ್ನಿಸಿತು ಗುಮಾಸ್ತನಿಗೆ. ಅವನು ಕೈ ಚಾಚಿದ್ದು ನಿಜ. ಆದರೆ ಸೊಂಟದ ಪಟ್ಟಿಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ಹಾಗೇ ಬಿಟ್ಟ.

“ಒಂದು ಮಾತು ಕೇಳ್ತೀನಿ ಅಕ್ಕಾ, ಬೇಜಾರಾಗ್ಬೇಡಿ” ಎಂದ ಕೊನೆಗೆ. “ಮೂವತ್ತಾರಾದಾಗ್ಲೇ ನಿಜ ಹೇಳಿದ್ರೆ ನಾನು ಹೊಟ್ಟೆ ಇಳಿಸ್ಕೊಳ್ತಿದ್ದೆ. ಯಾಕೆ ಹೇಳ್ಲಿಲ್ಲ?”

ಚಿಕ್ಕಮ್ಮ ಹಲ್ಲಿನಿಂದ ನೂಲು ಕಡಿದಳು.

“ನೀನೆಲ್ಲಿ ಇಳಿಸ್ತಿದ್ದೆ? ಬೇರೆ ಟೈಲರ್ ಹತ್ರ ಹೋಗ್ತಿದ್ದೆ.”