ಗೋಡೆಯ ಮೇಲಿನ ಮರ

ಹಾಲಿನ ಡೇರಿಯಲ್ಲಿ ಅವನ ಕೆಲಸ ಮೂಸುವುದು. ಲಾರಿಯಿಂದ ಇಳಿದ ಕ್ಯಾನುಗಳ ಮುಚ್ಚಳ ಎತ್ತಿ, ಅದರ ಒಳಮೈಯನ್ನು ಮೂಗಿಗೆ ಹಿಡಿದು, 'ಹೋಗಲಿ' ಅಥವಾ 'ಬೇಡ' ಎನ್ನಬೇಕು. ಇಷ್ಟಕ್ಕೆ ಸಂಬಳ, ಬಿಳಿ ಕೋಟು, ರಬ್ಬರ್ ಬೂಟು. ಮದುವೆಯ ಮಾತುಕತೆಯಲ್ಲಿ 'ಹುಡುಗ ಗುಣಮಟ್ಟ ವಿಭಾಗದಲ್ಲಿದ್ದಾನೆ' ಎಂದು ಗಂಭೀರವಾಗಿ ಹೇಳಿಸಿಕೊಂಡ ಈ ಉದ್ಯೋಗದ ಅಸಲಿ ರೂಪ ತಿಳಿದ ದಿನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂದಿನಿಂದ ಅವನು ಮನೆಯಲ್ಲಿ ಮೂಗುರಾಯ.

ಅನ್ನ ಕೊಡುವ ಮೂಗೇ ಅವನ ಶತ್ರು. ಬಸ್ಸಿನಲ್ಲಿ ಎರಡು ಸೀಟಿನಾಚೆ ಯಾರ ಕಾಲುಚೀಲ ಒಗೆದಿಲ್ಲ, ಹೋಟೆಲಿನ ಮೇಜನ್ನು ಯಾವ ಬಟ್ಟೆಯಿಂದ ಒರೆಸಿದ್ದಾರೆ, ಎಲ್ಲವೂ ಮೊದಲು ಅವನಿಗೇ ಗೊತ್ತಾಗಬೇಕು. ಲೋಕದಲ್ಲಿ ಬೇರೆಯವರಿಗೆ ಸಿಟ್ಟು, ದುಃಖ, ಪ್ರೀತಿ ಎಂದೆಲ್ಲ ಇರುತ್ತವೆ. ಅವನಿಗಿದ್ದದ್ದು ಅಸಹ್ಯ ಒಂದೇ. ಅಂಥವನು ಯಾವ ಕೆಟ್ಟ ಗಳಿಗೆಯಲ್ಲೋ, ಹಳೆಯ ಮನೆಯೊಂದನ್ನು ಕೈಯಾರೆ ರಿಪೇರಿ ಮಾಡುತ್ತೇನೆಂದು ಒಪ್ಪಿಕೊಂಡ. ಒಪ್ಪಿಕೊಂಡದ್ದು ಹೆಂಡತಿಯ ಕಣ್ಣಲ್ಲಿ ನೀರು ನೋಡಿ. ಮೂಗಿನ ಮಾತು ಬಿಟ್ಟು ಕಣ್ಣಿನ ಮಾತು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ.

ಮನೆ ಹೆಂಡತಿಯ ತಾತನದು. ತಾತ, ಅಜ್ಜಿ ಇಬ್ಬರೂ ಅವಳು ಹುಟ್ಟುವ ಮೊದಲೇ ಹೋಗಿದ್ದರು. ಆಮೇಲೆ ಬಾಡಿಗೆದಾರರ ಮೇಲೆ ಬಾಡಿಗೆದಾರರು ಬಂದು, ಕೊನೆಗೆ ಅದೂ ನಿಂತು, ಮನೆಗೆ ಬೀಗ ಬಿದ್ದಿತ್ತು. ಈಗ ಅದಕ್ಕೆ ಮೂವರು ಹಕ್ಕುದಾರರು: ಅವಳ ದೊಡ್ಡಪ್ಪ, ಸೋದರತ್ತೆ, ತೀರಿಕೊಂಡ ಅಪ್ಪನ ಪಾಲಿಗೆ ಅವಳು. ಒಡೆದು ಮಹಡಿ ಮೇಲೆ ಮಹಡಿ ಎತ್ತೋಣ ಎಂದು ದೊಡ್ಡಪ್ಪ ಹೊರಟಾಗ ಅವಳು ಅಡ್ಡ ನಿಂತಳು. "ಒಂದು ವರ್ಷ ಕೊಡಿ ದೊಡ್ಡಪ್ಪ. ನಾವಿಬ್ರೇ ಸರಿ ಮಾಡ್ತೀವಿ. ನೀವು, ಅತ್ತೆ ಬಂದು ನೋಡಿ. ಇಬ್ರಲ್ಲಿ ಒಬ್ರು ಬೇಡ ಅಂದ್ರೂ ಒಡೆದುಬಿಡಿ, ನಾನು ಬಾಯಿ ಬಿಡಲ್ಲ."

ಅವಳು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವ ಕೆಲಸದವಳು. ಮರಳಿ ಇಡಲಾಗದ್ದನ್ನು ಕೀಳಬಾರದು ಎಂಬುದು ಆ ಕಸುಬಿನ ನಿಯಮ. ಅದನ್ನೇ ಮನೆಗೂ ಹಾಕಿದಳು. ಏನು ಸಿಕ್ಕರೂ ಒಂದೇ ಪ್ರಶ್ನೆ: "ಇದು ಮೂಲದ್ದಾ, ಆಮೇಲಿನದ್ದಾ?" ಮೂಲದ್ದಾದರೆ ತೊಳೆದು, ಒರೆಸಿ, ಪೂಜ್ಯ ಸ್ಥಾನ. ಆಮೇಲಿನದ್ದಾದರೆ ಬೀದಿಯ ತೊಟ್ಟಿ. ತೀರ್ಪು ಅವಳದು, ಹೊರುವ ಕೈ ಅವನದು.

ಆಮೇಲಿನದ್ದು ಏನು ಕಡಿಮೆಯಿತ್ತೇ! ಅಡುಗೆಮನೆಯ ಸೂರಿನ ಜಿಡ್ಡು ಚರ್ಮದ ಹಾಗೆ ಸುಲಿದು ಬರುತ್ತಿತ್ತು, ಒಮ್ಮೆ ಬಾಯಿ ತೆರೆದು ಮೇಲೆ ನೋಡುತ್ತಿದ್ದಾಗ ಒಂದು ತುಣುಕು ನೇರ ಒಳಗೇ ಹೋಯಿತು. ಬಚ್ಚಲಿನ ಕೊಳವೆಯಿಂದ ಅವನು ಎಳೆದ ಕೂದಲಿನ ಹಗ್ಗಕ್ಕೆ ಕೊನೆಯೇ ಇರಲಿಲ್ಲ. ಕಪ್ಪು, ನೆರೆ, ಮದರಂಗಿ ಕೆಂಪು, ಎಷ್ಟು ಸಂಸಾರಗಳ ತಲೆಯೋ, ಎಲ್ಲ ಸಾಬೂನಿನ ಲೋಳೆಯಲ್ಲಿ ಒಂದಾಗಿ ಬಿಟ್ಟಿದ್ದವು. ಅಟ್ಟದಲ್ಲಿ ಪಾರಿವಾಳಗಳು ಹಾಸಿದ್ದ ಹಾಸಿಗೆಯನ್ನು ಗುದ್ದಲಿಯಿಂದಲೇ ಕಡಿಯಬೇಕಾಯಿತು. ಗೋಡೆ ಬೀರುವಿನ ಹಿಂದೆ ಯಾರೋ ವರ್ಷಾನುಗಟ್ಟಲೆ ಕತ್ತರಿಸಿ ಕೂಡಿಟ್ಟಿದ್ದ ಕಾಲುಗುರುಗಳು ಸಿಕ್ಕವು. ಅವನ್ನು ಕಾಗದದಲ್ಲಿ ಹಿಡಿದುಕೊಂಡು ಅವನು ಕೇಳಿದ, "ಇವು ಮೂಲದ್ದಾ?"

"ಹೊರಗೆ ಎಸೀರಿ ಮೊದ್ಲು!"

"ತಾತಂದೇ ಆಗಿದ್ರೆ? ಆಮೇಲೆ ನನ್ನ ಬೈಬೇಡ."

ಕುಕ್ಕರಗಾಲಲ್ಲಿ ಕೂತು ನೆಲ ಕೆರೆದು ಕೆರೆದು ಅವನ ನಡಿಗೆಯೇ ಬದಲಾಯಿತು. ಡೇರಿಯಲ್ಲಿ ಕ್ಯಾನು ಇಳಿಸುವವನು ಕೇಳಿದ, "ಏನಣ್ಣಾ, ಬಾತುಕೋಳಿ ಥರ ನಡೀತಿದೀರಾ?"

"ಮನೇಲಿ ಮೂಲದ ಕಾಟ ಕಣಪ್ಪ," ಎಂದ ಇವನು, ಯೋಚಿಸದೆ.

"ಅಯ್ಯೋ ಪಾಪ, ಮೂಲವ್ಯಾಧಿನಾ? ಇಷ್ಟು ಚಿಕ್ಕ ವಯಸ್ಸಿಗೆ?"

ಮಧ್ಯಾಹ್ನದೊಳಗೆ ಸುದ್ದಿ ಹಾಲಿಗಿಂತ ಬೇಗ ಕೆಟ್ಟಿತು. ಅವನ ಸ್ಟೂಲಿನ ಮೇಲೆ ಯಾರೋ ಗಾಳಿ ತುಂಬಿದ ರಬ್ಬರ್ ಬಳೆ ಇಟ್ಟಿದ್ದರು. ಇಲ್ಲವೆಂದು ವಾದಿಸಿದಷ್ಟೂ ಜನ ಕನಿಕರದಿಂದ ತಲೆಯಾಡಿಸಿದರು. ಕೊನೆಗೆ ಅವನು ಅದರ ಮೇಲೆ ಕೂತ. ಹಿತವಾಗಿತ್ತು.

ವರ್ಷ ಮುಗಿಯುತ್ತ ಬಂದಾಗ ಮರ ಸಿಕ್ಕಿತು. ಅಡುಗೆಮನೆಗೆ ಅಂಟಿಕೊಂಡಿದ್ದ ಊಟದ ಕೋಣೆಯ ಒಂದು ಗೋಡೆಗೆ ಹಲಗೆ ಹೊಡೆದಿತ್ತು. ಮೊಳೆ ಕಿತ್ತು ಹಲಗೆ ಇಳಿಸಿದರೆ ಹಿಂದೆ ಹಳದಿಗಟ್ಟಿದ ಸುಣ್ಣ, ಸುಣ್ಣದೊಳಗಿನಿಂದ ಮೂಡಿಬಂದ ಕಂದು ಬಣ್ಣದ ಚಿತ್ರ. ಎದೆಯೆತ್ತರದಲ್ಲಿ ಕೊಂಬೆಗಳು ಬೀಸಣಿಗೆಯ ಹಾಗೆ ಹರಡಿದ್ದವು, ಕೆಳಗೆ ಕಾಂಡ ನೆಲದವರೆಗೆ ಇಳಿದಿತ್ತು, ಅಲ್ಲಲ್ಲಿ ಹಣ್ಣಿನಂಥ ಬೊಟ್ಟುಗಳು. ಹೆಂಡತಿ ಗೋಡೆಗೆ ಮುಖ ಹತ್ತಿರ ಒಯ್ದು ಒಂದೊಂದೇ ಗೆರೆ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ರೀ, ಯಾರೋ ಕೈಯಲ್ಲಿ ಬರೆದಿದ್ದಾರೆ. ಮರ. ಇದು ಮೂಲದ್ದು."

ಅಂದಿನಿಂದ ಆ ಗೋಡೆಯ ಮುಂದೆ ಜೋರಾಗಿ ಸೀನುವುದಕ್ಕೂ ಅಪ್ಪಣೆ ಬೇಕಾಯಿತು. ಅವಳು ಹತ್ತಿಯ ಉಂಡೆ ಒದ್ದೆ ಮಾಡಿ ಅಂಗೈಯಗಲ ಅಂಗೈಯಗಲ ಒರೆಸಿದಳು. ಸುಣ್ಣ ಹಕ್ಕಳೆಯೇಳುತ್ತಿದ್ದ ಕಡೆ ಪುಸ್ತಕದ ಹಾಳೆಗೆ ಮಾಡುವಂತೆ ಗೋಧಿ ಹಿಟ್ಟಿನ ತೆಳು ಅಂಟನ್ನು ಕುಂಚದಿಂದ ಕುಡಿಸಿದಳು. ಅಂಟಿನ ಬಟ್ಟಲು ಹಿಡಿದುಕೊಂಡು ನಿಲ್ಲುವ ಸೇವೆ ಇವನದು. ಒದ್ದೆ ಮಾಡಿದಾಗಲೆಲ್ಲ ಗೋಡೆಯಿಂದ ಒಂದು ವಾಸನೆ ಏಳುತ್ತಿತ್ತು: ಹುಳಿ, ಕಮಟು, ತೊಳೆಯದ ಪಾತ್ರೆಯ ತಳದ್ದು.

"ಏನೋ ಸತ್ತಿದೆ ಕಣೇ ಇಲ್ಲಿ."

"ಹಳೇ ಸುಣ್ಣ ಹಾಗೇ ಇರುತ್ತೆ. ನಿಮ್ಮ ಮೂಗನ್ನ ಡೇರೀಲೇ ಬಿಟ್ಟು ಬನ್ನಿ."

ಅಂಟಿನ ರುಚಿಗೆ ಜಿರಲೆಗಳು ಬಂದವು. ಒಂದು ಬೆಳಿಗ್ಗೆ ನೋಡಿದರೆ ಮರದ ಹಣ್ಣುಗಳು ಓಡಾಡುತ್ತಿವೆ! ಅವನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ಇಲಿಯೇ ಸತ್ತಿರುವುದು, ಜಿರಲೆಗಳು ಅದಕ್ಕೇ ಬಂದಿರುವುದು ಎಂದು ತೀರ್ಮಾನಿಸಿ, ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಗೋಡೆಯ ಬುಡದ ಕರಿಕಲ್ಲಿನ ಪಟ್ಟಿಯನ್ನು ಹಾರೆ ಹಾಕಿ ಎಬ್ಬಿಸಿದ. ಕಲ್ಲು ಎರಡು ಹೋಳಾಯಿತು. ಕೆಳಗೆ ಇಲಿ ಇರಲಿಲ್ಲ. ಇಲಿಯ ಬಾಲವೂ ಇರಲಿಲ್ಲ. ಕಪ್ಪಗೆ ಕಟ್ಟಿದ ಮೇಣದಂಥ ಜಿಡ್ಡು ಮಾತ್ರ ಇತ್ತು. ಬೆರಳಿಗೆ ಮೆತ್ತಿಕೊಂಡದ್ದನ್ನು ಅಭ್ಯಾಸಬಲದಿಂದ ಮೂಸಿದ. ಮೂಸಿ, ಅಲ್ಲೇ ವಾಂತಿ ಮಾಡಿಕೊಂಡ. ಲಾರಿಗಟ್ಟಲೆ ಹಾಲಿಗೆ ತೀರ್ಪು ಕೊಟ್ಟ ಮಹಾಶಯ ಕೊನೆಗೆ ಹೆಂಡತಿಯಿಂದ ತೀರ್ಪು ಹೇಳಿಸಿಕೊಂಡ: "ಆ ಕಲ್ಲು ಮೂಲದ್ದಾಗಿತ್ತು." ಇಷ್ಟೇ ಹೇಳಿ ಅವಳು ಒಂದು ವಾರ ಮಾತು ಬಿಟ್ಟಳು.

ನೋಡಲು ಬರುವ ಭಾನುವಾರ ಬಂತು. ಹೆಂಡತಿ ಬೆಳಿಗ್ಗೆಯಿಂದ ಉಗುರು ಕಚ್ಚುತ್ತ, ಅದೇ ಬಾಗಿಲನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಇವತ್ತು ಇವರಿಬ್ಬರು ಹೂಂ ಅಂದರೆ ಮನೆ ನಿಂತಿತು, ಇಲ್ಲವಾದರೆ ಅವಳ ವರ್ಷವೆಲ್ಲ ಮಣ್ಣು.

ದೊಡ್ಡಪ್ಪ ಕಾರಿನಿಂದ ಇಳಿದವರೇ ಹುಬ್ಬು ಗಂಟಿಕ್ಕಿದ್ದರು. ಒಳಗೆ ಬಂದು, ಎಣ್ಣೆ ಹಚ್ಚಿ ಮಿನುಗುತ್ತಿದ್ದ ಹೆಬ್ಬಾಗಿಲು ಸವರಿದರು. ಕಿಟಕಿಯ ಚಿಲಕ ಎಳೆದರು, ಬಿಟ್ಟರು. ಹುಬ್ಬು ಸಡಿಲಾಯಿತು. "ಪರವಾಗಿಲ್ವೇ! ಅಳಿಯಂದ್ರೇ, ನೀವು ಮೂಸೋದು ಬಿಟ್ಟು ಬೇರೆ ಕೆಲ್ಸಾನೂ ಮಾಡ್ತೀರಿ."

"ಮಾವ, ಮೂಸ್ಕೊಂಡೇ ಮಾಡಿದ್ದು," ಎಂದ ಅವನು.

ಸೋದರತ್ತೆ ಹಿಂದಿನಿಂದ ಬರುತ್ತಿದ್ದರು. ಸಣ್ಣ ಮೈಕಟ್ಟು, ಚೀಲವನ್ನು ಎದೆಗೊತ್ತಿಕೊಂಡಿದ್ದರು. ಸೊಸೆ ತೋರಿಸಿದ್ದಕ್ಕೆಲ್ಲ "ಚೆನ್ನಾಗಿದೆ ಕಣಮ್ಮ, ಚೆನ್ನಾಗಿದೆ" ಎನ್ನುತ್ತಿದ್ದರು. ಊಟದ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು.

ದೊಡ್ಡಪ್ಪ ಗೋಡೆಯ ಮುಂದೆ ಹೋಗಿ ಕನ್ನಡಕ ಏರಿಸಿದರು. "ಇದೇನಮ್ಮ ಇದು?"

"ಮರ, ದೊಡ್ಡಪ್ಪ. ಹಲಗೆ ಹಿಂದೆ ಇತ್ತು. ತಾತನ ಕಾಲದ್ದೇ."

"ಅಪ್ಪನ ಕೈಯೇ ಇರ್ಬೇಕು!" ದೊಡ್ಡಪ್ಪ ಒಂದು ಕೊಂಬೆಯನ್ನು ಬೆರಳಿನಿಂದ ಸವರಿದರು. "ಎಂಥ ಕೈ ನೋಡು. ಇದಕ್ಕೊಂದು ಗಾಜು ಹಾಕ್ಸೋಣ. ಇಷ್ಟಿರೋ ಮನೇನ ಒಡೆಯೋಕೆ ನನಗೇನು ಹುಚ್ಚಾ?"

ಹೆಂಡತಿ ಗಂಡನ ತೋಳು ಗಟ್ಟಿಯಾಗಿ ಹಿಡಿದಳು. ಕಲ್ಲು ಒಡೆದ ದಿನದಿಂದ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಅಪ್ಪನ ಕೈಯೇ," ಎಂದರು ಅತ್ತೆ ಹೊಸ್ತಿಲಿನಿಂದ. "ಅದು ಮರ ಅಲ್ಲ ಕಣಮ್ಮ. ಊಟ."

"ಊಟಾನಾ?" ಎಂದಳು ಹೆಂಡತಿ.

"ಉಪ್ಪು ಕಮ್ಮಿ ಆದ್ರೆ ತಟ್ಟೆ ಎಸೀತಿದ್ರು. ಆರಿಹೋಗಿದ್ರೆ ಪಾತ್ರೇನೇ. ಅಮ್ಮ ಅಲ್ಲಿ, ಗೋಡೆಗೆ ಒರಗಿ ನಿಂತಿರ್ಬೇಕಿತ್ತು, ಅವರ ಊಟ ಮುಗಿಯೋವರೆಗೂ. ಕೆಲವು ಸಲ ಗೋಡೆಗೆ ಬೀಳ್ತಿತ್ತು, ಕೆಲವು ಸಲ ಅಮ್ಮನಿಗೆ. ಎಷ್ಟು ಸುಣ್ಣ ಬಳಿದ್ರೂ ಜಿಡ್ಡು ಮೇಲೆ ಬರ್ತಿತ್ತು. ನನ್ನ ಮದುವೆಗೆ ಬೀಗರು ಬರ್ತಾರೆ ಅಂತ ಹಲಗೆ ಹೊಡೆಸಿದ್ರು."

ಮೂಗುರಾಯನಿಗೆ ವಾಸನೆಯ ಹೆಸರು ಕೊನೆಗೂ ಸಿಕ್ಕಿತು. ತಾನು ಹೇಳಿದ್ದು ನಿಜವಾಯಿತೆಂಬ ಸಂತೋಷ ಬರಬೇಕಿತ್ತು. ಬರಲಿಲ್ಲ. ಕೊಂಬೆಗಳ ನಡುವೆ ಒಂದೆಡೆ ಏನೂ ಮೆತ್ತದ ಜಾಗವಿತ್ತು, ಹೆಂಗಸಿನ ಹೆಗಲಿನಷ್ಟು ಅಗಲ. ಅದನ್ನು 'ಪೊಟರೆ' ಎಂದು ಕರೆದು ಇಬ್ಬರೂ ಮೆಚ್ಚಿಕೊಂಡಿದ್ದರು. ಅದರ ಅಂಚಿಗೆ ಹಿಟ್ಟಿನ ಅಂಟನ್ನು ಎಷ್ಟು ಜೋಪಾನವಾಗಿ ಕುಡಿಸಿದ್ದರು!

"ಅಪ್ಪನಿಗೆ ಸ್ವಲ್ಪ ಮುಂಗೋಪ, ನಿಜ," ಎಂದರು ದೊಡ್ಡಪ್ಪ. "ಆಗಿನ ಕಾಲದ ಗಂಡಸರೆಲ್ಲ ಹಾಗೇನೆ. ಅದೂ ಮನೆಯ ಇತಿಹಾಸ ತಾನೇ? ಇರ್ಲಿ ಬಿಡು. ಹೊರಗಿನವರಿಗೆ ಮರ ಅಂದ್ರಾಯ್ತು."

"ಗಾಜು ಹಾಕಿಸ್ತೀಯಾ ಅಣ್ಣ?"

"ಹಾಕ್ಸಿದ್ರೆ ಏನೀಗ?"

"ಹಾಕಿಸೋದಾದ್ರೆ ಮನೆ ಒಡೆದುಬಿಡಿ. ನನ್ನ ಒಪ್ಪಿಗೆ ಇಲ್ಲ."

ಹೆಂಡತಿಯ ಕೈ ಅವನ ತೋಳಿನಿಂದ ಜಾರಿತು. ಅವಳು ಗೋಡೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮರಳಿ ಇಡಲಾಗದ್ದನ್ನು ಕೀಳಬಾರದು ಎನ್ನುವವಳು, ಮೂಲೆಯಲ್ಲಿದ್ದ ಲೋಹದ ಬ್ರಷ್ಷನ್ನು ತಾನೇ ಎತ್ತಿಕೊಂಡಳು. "ತೆಗೆದುಬಿಡ್ತೀನಿ ಅತ್ತೆ. ಈಗಲೇ."

"ನೀನ್ಯಾಕೆ ತೆಗೀತೀಯ? ನೀನು ಮಾಡಿದ್ದಾ?" ಅತ್ತೆ ಒಳಗೆ ಬಂದು ಸ್ಟೂಲು ಎಳೆದು ಕೂತರು. ಚೀಲ ಮಡಿಲಲ್ಲಿ. "ತಟ್ಟೆ ಬಿದ್ದ ಸದ್ದಾದ ಕೂಡ್ಲೇ ಅಣ್ಣ ಬೀದಿಗೆ ಓಡ್ತಿದ್ದ, ಆಟಕ್ಕೆ. ಅಮ್ಮ ಒರೆಸೋಳು, ನಾನು ಬಕೆಟ್ ಹೊರೋಳು. ನಮ್ಮ ಪಾಲಿಂದು ನಾವು ತೊಳೆದಾಗಿದೆ. ಇವತ್ತು ಅಣ್ಣ ತೊಳೀಲಿ. ತೊಳೆದ್ರೆ ಮನೆ ಇರ್ಲಿ."

"ನಿಂಗೇನು ತಲೆ ಕೆಟ್ಟಿದೆಯೇನೇ? ನನ್ನ ಸೊಂಟ ನೋಡು, ನನ್ನ ವಯಸ್ಸು ನೋಡು. ಅಳಿಯಂದ್ರ ಮುಂದೆ..."

"ಅಳಿಯಂದ್ರು ಬಕೆಟ್ ತರ್ತಾರೆ," ಎಂದರು ಅತ್ತೆ.

ಅಳಿಯಂದಿರು ಬಕೆಟ್ ತಂದರು. ಬಿಸಿನೀರು, ಸೋಡಾಪುಡಿ, ಚಿಂದಿ. ಈ ಸಂಸಾರದ ನಡುವೆ ತನಗೆ ಸಿಕ್ಕ ಪಾತ್ರ ಬಕೆಟ್ಟಿನದು ಎಂದು ಅವನಿಗೆ ಬೇಸರವಾಗಲಿಲ್ಲ. ಬೇರೆ ಯಾವುದೂ ಬೇಕಿರಲಿಲ್ಲ.

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ, ದಾರಿ ಖಾಲಿ ಇತ್ತು, ಹೊರಗೆ ಕಾರೂ ಇತ್ತು. ಯಾಕೋ ಹೋಗಲಿಲ್ಲ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ತೋಳು ಮಡಚಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಚಿಂದಿ ಅದ್ದಿದರು. ಒರೆಸಿದ ಕೂಡಲೇ ಆ ವಾಸನೆ ಎದ್ದಿತು. ಬಿಸಿನೀರಿಗೆ ಇನ್ನೂ ದಪ್ಪವಾಗಿ, ಹಳಸಿದ ಎಣ್ಣೆ, ಬೇಳೆ, ಬೂಷ್ಟು ಎಲ್ಲ ಬೇರೆ ಬೇರೆಯಾಗಿ. ಕಂದು ನೀರು ಮೊಣಕೈಯವರೆಗೆ ಹರಿದು ಅಂಗಿಯೊಳಗೆ ಇಳಿಯಿತು. ಮರ ಕರಗಿ ರಾಡಿಯಾಗಿ ನೆಲಕ್ಕೆ ಬಂತು.

"ಸಾಕಾ?"

"ಮೂಲೆ ಉಳೀತು. ಅಮ್ಮ ಮೂಲೆ ಬಿಡ್ತಿರ್ಲಿಲ್ಲ."

ಮೂಲೆ ಒರೆಸಿದರು. ಸುಣ್ಣ ಕಿತ್ತು ಗಾರೆ ಕಾಣುವವರೆಗೆ ಹೆಂಡತಿ ಪಕ್ಕದಲ್ಲಿ ಬ್ರಷ್ಷು ಹಿಡಿದು ನಿಂತಿದ್ದಳು. ಅವರು ಕೈ ಚಾಚಿದಾಗ ಕೊಟ್ಟಳು, ತಾನಾಗಿ ಉಜ್ಜಲಿಲ್ಲ. ಅವನು ಬಕೆಟ್ಟಿನ ಮೇಲೆ ಬಕೆಟ್ಟು ಚರಂಡಿಗೆ ಸುರಿದು ಬಂದ. ಪ್ರತಿ ಸಲವೂ ಉಸಿರು ಬಿಗಿಹಿಡಿದ, ಪ್ರತಿ ಸಲವೂ ಮೂಗು ಹೇಗೋ ಕಳ್ಳಕಿಂಡಿಯಿಂದ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು.

ಕೊನೆಗೆ ಗೋಡೆಯಲ್ಲಿ ಏನೂ ಉಳಿಯಲಿಲ್ಲ. ಬೂದು ಗಾರೆ, ಒದ್ದೆ.

ದೊಡ್ಡಪ್ಪ ನಲ್ಲಿಯ ಕೆಳಗೆ ಸಾಬೂನು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಉಗುರಿನ ಸಂದನ್ನೂ ಉಜ್ಜಿದರು. ಆಮೇಲೆ ತಂಗಿಯ ಮುಂದೆ ಬಂದು ಕೈ ಚಾಚಿದರು, ಪೆಟ್ಟು ತಿನ್ನಲು ನಿಂತ ಹುಡುಗನ ಹಾಗೆ. "ನೋಡೇ, ಹೋಯ್ತಾ?"

ಅತ್ತೆ ಬಗ್ಗಿ ಮೂಸಿದರು. ಮುಖ ಕಿವುಚಿದರು. "ಇಲ್ಲ. ನನ್ನ ಕೈದು ಹೋಗೋಕೆ ಮದುವೆಯಾಗಿ ಬೇರೆ ಮನೆಗೆ ಹೋಗ್ಬೇಕಾಯ್ತು." ಎದ್ದು ಚೀಲ ಹೆಗಲಿಗೇರಿಸಿದರು. "ಮನೆ ಇಟ್ಕೊಳ್ಳಮ್ಮ. ಈ ಕೋಣೆಗೆ ಇನ್ನೊಂದು ಕಿಟಕಿ ಒಡೆಸು. ಗಾಳಿ ಬರ್ಲಿ."

"ಆ ಗೋಡೆಗೇ ಒಡೆಸ್ಲಾ ಅತ್ತೆ?"

"ಆ ಗೋಡೆಗೇ."