ನೆಲ ಒರೆಸುವವಳ ಅಂಗಿ

ಆ ಅಂಗಿ ಇನ್ನೂ ನನ್ನ ಬಳಿ ಇದೆ. ಕೆಂಪು ಬಟ್ಟೆಯ ಮೇಲೆ ಕಪ್ಪು ಗೆರೆಗಳಲ್ಲಿ ಓರೆಯಾಗಿ ನಿಂತ ಹೆಂಗಸು, ಕೈಯಲ್ಲಿ ನೆಲ ಒರೆಸುವ ಕೋಲು. ಬರೆದವಳು ನಾನೇ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಡಾಟ್‌ಕಾಂ ಕಂಪನಿಗಳು ನಾಯಿಕೊಡೆಗಳಂತೆ ಎದ್ದ ಕಾಲ. ಫ್ರೀಮಾಂಟಿನಿಂದ ರೈಲು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಂಥದ್ದೊಂದರಲ್ಲಿ ಡಿಸೈನರ್ ಆಗಿದ್ದೆ. ಬಾಸ್ ಬೆಂಗಳೂರಿನವನು. ಒಂದು ದಿನ ದಪ್ಪ ಪುಸ್ತಕವೊಂದನ್ನು ನನ್ನ ಮೇಜಿನ ಮೇಲೆ ಎಸೆದ. ಕ್ರಾಂತಿಯ ಕಾಲದ ರಷ್ಯನ್ ಕಲಾವಿದೆಯೊಬ್ಬಳ ಚಿತ್ರಗಳು. "ಲಾಂಚ್‌ಗೆ ಟೀ-ಶರ್ಟು ಮಾಡಿಸ್ತಿದೀವಿ. ಇದೇ ಲುಕ್ಕು ಬರ್ಬೇಕು, ನೋಡು," ಎಂದ.

ಲುಕ್ಕಂತೆ! ಅವಳ ಬಗ್ಗೆ ಕಲಾಶಾಲೆಯಲ್ಲೇ ಓದಿದ್ದೆ. ಗೋಡೆಗೆ ತೂಗುಹಾಕುವ ಚಿತ್ರ ಸಾಕೆಂದು ಬಟ್ಟೆ ಗಿರಣಿಗೆ ಹೋದವಳು. ದುಡಿಯುವ ಹೆಂಗಸರು ತೊಡಲೆಂದು ಗೆರೆ, ವೃತ್ತ, ಚೌಕಗಳಲ್ಲಿ ವಿನ್ಯಾಸ ಮಾಡುತ್ತಲೇ ಚಿಕ್ಕ ವಯಸ್ಸಿಗೆ ಸತ್ತಳು. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರ ಮನೆಯಲ್ಲಿ ಹುಟ್ಟಿದ ನನಗೆ ಅವಳು ನಮ್ಮ ಬಳಗದವಳೇ ಅನ್ನಿಸಿತ್ತು. ನಮ್ಮ ಮನೆಯಲ್ಲೊಂದು ರೂಢಿ: ಹೊಸ ವಿನ್ಯಾಸದ ಖಣ ಮಗ್ಗದಿಂದ ಇಳಿದರೆ ಮೊದಲ ತುಂಡು ಅಂಗಡಿಗೆ ಹೋಗುವುದಿಲ್ಲ, ನೂಲು ಸುತ್ತಿಕೊಟ್ಟ ಹೆಂಗಸಿಗೆ ಹೋಗುತ್ತದೆ.

ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಸಂಜೆ ಆಫೀಸು ಒರೆಸಲು ಬರುತ್ತಿದ್ದ ಮೆಕ್ಸಿಕೋದ ಹೆಂಗಸನ್ನು ಎದುರು ನಿಲ್ಲಿಸಿಕೊಂಡು ಚಿತ್ರ ಬರೆದೆ. ಕೆಲಸ ಮುಗಿಸಿ, ನೋಯುವ ಕಾಲಲ್ಲೇ ಮೂರು ಸಂಜೆ ನಿಂತಳು ಪಾಪ. ಅಂಗಿ ಅಚ್ಚಾಗಿ ಬಂದ ದಿನ ಕೇಳಿದ್ದು ಒಂದೇ: "ನನಗೊಂದು ಕೊಡ್ತೀಯಾ? ಮಗಳಿಗೆ ತೋರಿಸ್ಬೇಕು."

ಬಾಸ್‌ನನ್ನು ಕೇಳಿದೆ.

"ಅಯ್ಯೋ, ಅವಳು ಕಾಂಟ್ರಾಕ್ಟು ಕಣಮ್ಮಾ. ಶರ್ಟು ಎಂಪ್ಲಾಯೀಸ್‌ಗೆ ಮಾತ್ರ. ಇವಳಿಗೆ ಕೊಟ್ರೆ ನಾಳೆ ಸೆಕ್ಯೂರಿಟಿಯವನೂ ಕೇಳ್ತಾನೆ."

ಅವನ ಮೈಮೇಲೆ ಅವಳದೇ ಚಿತ್ರ. ಥೂ, ನಾಚಿಕೆಗೆಟ್ಟವನು! ಆದರೆ ನಾನು ತುಟಿ ಬಿಚ್ಚಲಿಲ್ಲ. ನನ್ನ ವೀಸಾ ಅವನ ಕೈಲಿತ್ತು. ನನ್ನ ಅಂಗಿಯನ್ನಾದರೂ ಕೊಡಬಹುದಿತ್ತು. ಲಾಂಚಿನ ದಿನ ಎಲ್ಲರೂ ಹಾಕಿಕೊಂಡು ಬರಬೇಕೆಂದು ಆರ್ಡರಾಗಿತ್ತು, ಅದನ್ನೂ ಕೊಡಲಿಲ್ಲ. ಅವಳಿಗೆ "ಎಲ್ಲ ಖಾಲಿಯಾಯ್ತು" ಎಂದು ಸುಳ್ಳು ಹೇಳಿದೆ. ಪೆಟ್ಟಿಗೆಗಳು ಅವಳು ದಿನಾ ಒರೆಸುವ ಕೋಣೆಯಲ್ಲೇ ಇದ್ದವು.

ಫೋನಿನಲ್ಲಿ ಅವ್ವನಿಗೆ ಹೇಳಿಕೊಂಡರೆ, "ಮೂರ ದಿನ ನಿಂತಾಕಿಗೆ ಒಂದ ಅಂಗಿ ಇಲ್ಲಂದ್ರ ಹೆಂಗ? ನಿನ್ನ ಬಾಯಾಗೇನ ಕಡಬು ಇತ್ತೇನ?" ಎಂದು ಬೈದು ಫೋನ್ ಇಟ್ಟಳು.

ವರ್ಷ ತುಂಬುವುದರೊಳಗೆ ಕಂಪನಿ ಮಕಾಡೆ ಮಲಗಿತು. ಕೊನೆಯ ದಿನ ಬಾಸ್ ಉಳಿದ ಅಂಗಿಗಳ ಪೆಟ್ಟಿಗೆಯನ್ನು ಕಾಲಿಂದಲೇ ನೆಲ ಒರೆಸುವವಳತ್ತ ತಳ್ಳಿದ. "ತಗೋ, ಎಲ್ಲಾ ನಿನಗೇ. ಒರೆಸೋಕೆ ಆಗುತ್ತೆ," ಎಂದ.

ಅವಳು ಒಂದನ್ನು ಬಿಡಿಸಿ ತನ್ನ ಚಿತ್ರ ನೋಡಿದಳು. ಮಡಚಿ ಪೆಟ್ಟಿಗೆಗೇ ವಾಪಸ್ ಇಟ್ಟಳು.

"ಇದಿನ್ನೂ ಅಂಗಿ ಆಗಿದ್ದಾಗ ಕೇಳಿದ್ದೆ," ಎಂದಳು, ನನ್ನ ಮುಖವನ್ನೇ ನೋಡುತ್ತ.