ಕಾಕಾ ಹಾಕಿಸಿದ ಬ್ಯಾನರ್ ಮತ್ತು ಸತ್ತ ನಕ್ಷತ್ರ

ಮೊನ್ನೆ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿ ತೆರೆದರು. ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಕಂಪ್ಯೂಟರಿನಲ್ಲಿದ್ದ ಗಾಮಾ ಕಿರಣಗಳ ನಕ್ಷೆಯನ್ನು ಅಲ್ಲೇ ಬಿಟ್ಟು ನಾನು ಮನಸ್ಸಿನಲ್ಲೇ ನಮ್ಮೂರು ಏಕಸಂಬಿಗೆ ಹೋಗಿಬಿಟ್ಟೆ. ಅಲ್ಲಿ ನನ್ನ ಕಾಕಾ, ಅಪ್ಪನ ತಮ್ಮ, ಇದ್ದಾರೆ. ಕಬ್ಬು ಬೆಳೆದು, ಗಾಣದಲ್ಲಿ ತಾವೇ ನಿಂತು ಬೆಲ್ಲ ತೆಗೆಯುವ, ಖುಷಿಯಾದರೆ ಊರಿಗೆಲ್ಲ ಡಂಗುರ ಸಾರುವ ಮನುಷ್ಯ.

ನನ್ನ ಕೆಲಸ ಏನೆಂದು ಹೇಳಿದರೆ ನೀವು ಎದ್ದು ಹೋಗಬಾರದು. ಎಂದೋ ಸಿಡಿದು ಸತ್ತ ನಕ್ಷತ್ರದ ಅವಶೇಷ ಇನ್ನೂ ಹಿಗ್ಗುತ್ತಲೇ ಇರುತ್ತದೆ. ಅದರ ಅಂಚಿನ ಆಘಾತದ ಅಲೆಯನ್ನು ಕಣಗಳು ಆಚೀಚೆ ದಾಟಿ ದಾಟಿ ಶಕ್ತಿ ಪಡೆಯುತ್ತವೆ. "ನಮ್ಮ ಗಡಿ ಊರು ಕಾಗವಾಡದವ್ರ ಹಂಗ, ಗಡಿ ದಾಟಿದಷ್ಟೂ ಚುರುಕ ಆಗೂದು," ಎಂದಿದ್ದರು ಕಾಕಾ. ಅವರು ಒಂದೇ ಮಾತಿನಲ್ಲಿ ಹೇಳಿದ್ದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿದಿತ್ತು. ವಿಶ್ವಕಿರಣ ಎನ್ನುವ ಆ ಕಣಗಳು ಭೂಮಿಗೆ ಬರುವಷ್ಟರಲ್ಲಿ ಕಾಂತಕ್ಷೇತ್ರಗಳಲ್ಲಿ ಸುತ್ತಾಡಿ ತವರಿನ ದಾರಿಯನ್ನೇ ಮರೆತಿರುತ್ತವೆ. ಅವು ಹುಟ್ಟಿಸುವ ಗಾಮಾ ಕಿರಣ ಮಾತ್ರ ನೆಟ್ಟಗೆ ಬಂದು ಊರ ಹೆಸರು ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಅವಶೇಷದ ಗಾಮಾ ಕಿರಣಗಳನ್ನು ನೋಡಿ, ಇವು ಪ್ರೋಟಾನುಗಳಿಂದಲೇ ಹುಟ್ಟಿದವು ಎಂದು ಲೇಖನ ಬರೆದು ಕಳಿಸಿದ್ದೆ. ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನುಗಳೇ. ಅಂದರೆ ಅವುಗಳ ತವರು ಸಿಕ್ಕಂತೆ. ಫೋನಿನಲ್ಲಿ ಕಾಕಾರಿಗೆ 'ಕಳಿಸಿದ್ದೇನೆ' ಎಂಬುದನ್ನು ಮೆಲ್ಲಗೆ, 'ಕಂಡುಹಿಡಿದೆ' ಎಂಬುದನ್ನು ಜೋರಾಗಿ ಹೇಳಿದೆನೇನೋ. ರಜೆಗೆ ಊರಿಗೆ ಬಂದು ಇಳಿದರೆ ಬಸ್ ನಿಲ್ದಾಣದೆದುರು ನನ್ನ ಮುಖದ ಬ್ಯಾನರ್: 'ವಿಶ್ವಕಿರಣದ ಮೂಲ ಶೋಧಿಸಿದ ನಮ್ಮೂರ ಮಗಳಿಗೆ ಸತ್ಕಾರ.' ಶಾಲು, ತಲೆಗೆ ಸುತ್ತುವ ಫೇಟಾ, ಊಟ ಎಲ್ಲ ನಿಶ್ಚಯವಾಗಿತ್ತು. ನಮ್ಮ ಕಡೆ ಹಾಗೆಯೇ, ಫಲಿತಾಂಶಕ್ಕಿಂತ ಮೊದಲು ಫೇಟಾ ತಯಾರು.

ಸತ್ಕಾರದ ದಿನ ಬೆಳಿಗ್ಗೆಯೇ ಲೇಖನ ಪರಿಶೀಲಿಸಿದವರ ಪತ್ರ ಬಂತು. ಎಲೆಕ್ಟ್ರಾನುಗಳೂ ಇಂಥದೇ ಕಿರಣ ಹೊಮ್ಮಿಸಬಲ್ಲವು. ಕಡಿಮೆ ಶಕ್ತಿಯ ಭಾಗವನ್ನು ಅಳೆಯದೆ ಪ್ರೋಟಾನು ಎನ್ನುವುದು ಹೇಗೆ? ಆ ಭಾಗವನ್ನು ನಾನು ಅಳೆದೇ ಇರಲಿಲ್ಲ. ಸುಮ್ಮನಿದ್ದರೆ ಊರಲ್ಲಿ ಯಾರಿಗೂ ತಿಳಿಯದು. ಬಾಯಿಬಿಟ್ಟರೆ ಹೋಗುವುದು ಕಾಕಾರ ಮರ್ಯಾದೆ. ಗಾಣಕ್ಕೆ ಓಡಿದೆ.

"ಕಾಕಾ, ನಾ ಹೇಳಿದ್ದು ಖರೆ ಅಂತ ಇನ್ನೂ ಗೊತ್ತಾಗಿಲ್ರಿ."

ಅವರು ಕುದಿಯುವ ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಚುಕಿ ಹದ ನೋಡುತ್ತಿದ್ದರು. ಅವರ ಸಿಟ್ಟು ನೆತ್ತಿಗೇರಿತು. "ಊರಿಗೆಲ್ಲಾ ಊಟಕ್ಕ ಹೇಳಿ ಆಗೇತಿ. ಈಗ ಹೇಳ್ತಿ ಏನ ಬೇ?"

"ನೀವು ಹನಿ ನೋಡದ ಕೊಪ್ಪರಿಗಿ ಇಳಸ್ತೀರೇನ್ರಿ?"

ಕಾಕಾ ಇನ್ನೊಂದು ಹನಿಯನ್ನು ನೀರಿಗೆ ಬಿಟ್ಟರು.

ಸಂಜೆ ವೇದಿಕೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಕಾ ಎದ್ದು ಬಂದು ಫೇಟಾ ಮಡಚಿ ಕಂಕುಳಲ್ಲಿಟ್ಟುಕೊಂಡರು. "ಪೋರಿ ಖರೆ ಹೇಳ್ಯಾಳ. ಸತ್ಕಾರ ಆಮ್ಯಾಲ ನೋಡೂಣು, ಊಟ ಈಗ. ಏಳ್ರಿ ಎಲ್ಲಾರೂ." ನನಗೆ ಅಳು ಬಂತು. ಆದರೂ ಮೂರು ಹೋಳಿಗೆ ತಿಂದೆ.

ಮೊನ್ನೆ ಆಫೀಸಿನಲ್ಲಿ ನೋಡುತ್ತಿದ್ದುದು ಅದೇ ಅವಶೇಷದ ಹೊಸ ನಕ್ಷೆ, ಕಡಿಮೆ ಶಕ್ತಿಯ ಭಾಗವನ್ನೂ ಅಳೆದದ್ದು. ಪ್ರೋಟಾನುಗಳಾಗಿದ್ದರೆ ಕಡಿಮೆ ಶಕ್ತಿಯಲ್ಲಿ ಗೆರೆ ಥಟ್ಟನೆ ಇಳಿಯಬೇಕು, ಇಳಿದಿಲ್ಲ. ಅಲ್ಲಿ ಎಲೆಕ್ಟ್ರಾನುಗಳದೇ ಕಾರುಬಾರು. ಮೂರು ಸಲ ತಾಳೆ ನೋಡಿ, ಕಾಕಾರಿಗೆ ಫೋನ್ ಮಾಡಿದೆ.

"ಕಾಕಾ, ಆವತ್ತ ನಾ ಬರದದ್ದು ತಪ್ಪ ಇತ್ರಿ."

"ಆ ತಪ್ಪ ಯಾರ ಹುಡುಕಿದ್ರು?"

"ನಾನ."

"ಹೌದೇನು? ಹಂಗಾರ ಯಾವಾಗ ಬರ್ತಿ ಹೇಳ. ಬ್ಯಾನರ್ ಮಾಡಸ್ಬೇಕು."

ಬೇಡ ಎನ್ನಲಿಲ್ಲ. ತಾರೀಖು ಹೇಳಿದೆ.